ಅಂಗಡಿಗೆ ಒಂದೇ ಕಂಪ್ಯೂಟರ್, ಕೂರುವವರು ಮೂವರು: ಹುಡುಗನಿಗೆ ಬೇರೆ ಅಕೌಂಟ್ ಮಾಡಿದರೂ ಫೈಲ್ ಹೋಗ್ತಿದೆ

ತೆಂಗಿನಗರಿ

ನಮಸ್ಕಾರ ಎಲ್ಲರಿಗೂ. ತಿಪಟೂರು ಕಡೆ ಸಣ್ಣದೊಂದು ಝೆರಾಕ್ಸ್, ಡಿಟಿಪಿ ಅಂಗಡಿ ನನ್ನದು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಪಹಣಿ ಪ್ರಿಂಟು, ಜಾತಿ-ಆದಾಯ ಪತ್ರದ ಅರ್ಜಿ, ಬಂದದ್ದೆಲ್ಲ ಮಾಡುತ್ತೇವೆ. ಕಂಪ್ಯೂಟರ್ ಒಂದೇ, ವಿಂಡೋಸ್ 10 ಹೋಮ್. ಬೆಳಗ್ಗೆ ನಾನು, ಮಧ್ಯಾಹ್ನ ನನ್ನ ಹೆಂಡತಿ, ಸಂಜೆ ಕಾಲೇಜು ಮುಗಿಸಿ ಬರುವ ಒಬ್ಬ ಹುಡುಗ.

ಹೋದ ತಿಂಗಳು ಏನಾಯ್ತು ಅಂದ್ರೆ, ಹುಡುಗ ಒಂದು ಮನೆಯ ಲಗ್ನಪತ್ರಿಕೆ ತೆರೆದು ಅದರಲ್ಲೇ ಇನ್ನೊಂದು ಮನೆಯದ್ದು ಮಾಡಿದ್ದಾನೆ. ಎಲ್ಲರೂ ಹಾಗೇ ಮಾಡೋದು, ಹಳೇ ಕಾರ್ಡ್ ತೆಗೆದು ಹೆಸರು ಬದಲಾಯಿಸೋದು. ಆದರೆ ಸೇವ್ ಆಸ್ ಕೊಡುವ ಬದಲು ಕಂಟ್ರೋಲ್ ಎಸ್ ಒತ್ತಿದ್ದಾನೆ. ಮಾರನೇ ದಿನ ಮೊದಲ ಮನೆಯವರು ಪ್ರೂಫ್ ನೋಡಲು ಬಂದರು. ಹೆಣ್ಣು ಅವರ ಮನೆಯದೇ. ಗಂಡು ಬೇರೆ ಮನೆಯವನು! ಅಜ್ಜಿ ಒಬ್ಬರು ಕನ್ನಡಕ ಸರಿಮಾಡಿಕೊಂಡು, 'ಇವನ್ಯಾರಪ್ಪ?' ಅಂತ ಕೇಳಿದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಆಮೇಲೆ ವಿಡಿಯೋ ನೋಡಿ ಹುಡುಗನಿಗೆ ಬೇರೆ ಅಕೌಂಟ್ ಮಾಡಿದೆ. ಸ್ಟ್ಯಾಂಡರ್ಡ್ ಯೂಸರ್ ಅಂತ ಇಟ್ಟೆ, ಅಂದ್ರೆ ಪೂರ್ತಿ ಅಧಿಕಾರದ ಅಡ್ಮಿನ್ ಅಲ್ಲ, ಸಾದಾ ಅಕೌಂಟ್. ನಾಲ್ಕನೇ ದಿನಕ್ಕೆ ಡಿ ಡ್ರೈವ್‌ನಲ್ಲಿದ್ದ ಇಡೀ 'ನಾಮಕರಣ' ಫೋಲ್ಡರ್ ಮಾಯ. ಕೇಳಿದರೆ 'ಜಾಗ ಖಾಲಿ ಮಾಡ್ತಿದ್ದೆ ಅಣ್ಣ' ಅಂತಾನೆ. ಸ್ಟ್ಯಾಂಡರ್ಡ್ ಅಂದ್ರೆ ಏನೂ ಅಳಿಸೋಕೆ ಆಗಲ್ಲ ಅಂತ ಅಲ್ವಾ? ಎಲ್ಲಿ ತಪ್ಪಿದೆ?

ಹುಬ್ಳಿ ಮಂದಿ

ಮೊದಲು ಬ್ಯಾಕಪ್ ಇಡ್ರಿ. ಆಮೇಲೆ ಉಳಿದದ್ದು.

ಕುಂದಾಪ್ರ ಕೇಬಲ್

ಫೋಲ್ಡರ್ ಬಗ್ಗೆ ಮೊದಲು ಹೇಳುತ್ತೇನೆ, ಇನ್ನೂ ಸಿಗಬಹುದು. ನಿಮ್ಮ ರೀಸೈಕಲ್ ಬಿನ್‌ನಲ್ಲಿ ಹುಡುಕಿ ಇಲ್ಲ ಅಂದುಕೊಂಡಿರುತ್ತೀರಿ. ರೀಸೈಕಲ್ ಬಿನ್ ಒಬ್ಬೊಬ್ಬರಿಗೆ ಒಂದೊಂದು. ಹುಡುಗನ ಅಕೌಂಟಿಗೆ ಲಾಗಿನ್ ಆಗಿ ಅಲ್ಲಿ ನೋಡಿ. ಶಿಫ್ಟ್ ಹಿಡಿದು ಡಿಲೀಟ್ ಮಾಡಿಲ್ಲ ಅಂದ್ರೆ ಅಲ್ಲೇ ಇರುತ್ತದೆ.

ಈಗ ನಿಮ್ಮ ಪ್ರಶ್ನೆಗೆ. ಸ್ಟ್ಯಾಂಡರ್ಡ್ ಅಕೌಂಟ್ ಕಾಯೋದು ಕಂಪ್ಯೂಟರನ್ನು, ನಿಮ್ಮ ಫೈಲುಗಳನ್ನಲ್ಲ. ವಿಂಡೋಸ್ ಫೋಲ್ಡರ್, ಪ್ರೋಗ್ರಾಂ ಫೈಲ್ಸ್, ಬೇರೆಯವರ ಅಕೌಂಟಿನ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಇವಕ್ಕೆ ಅವನು ಕೈ ಹಾಕೋಕೆ ಆಗಲ್ಲ. ಡಿ ಡ್ರೈವ್ ಕಥೆ ಬೇರೆ. ನಮ್ಮೂರಲ್ಲಿ ಕಂಪ್ಯೂಟರ್ ಕಟ್ಟಿಕೊಡುವವರು ಸಿ, ಡಿ, ಇ ಅಂತ ಭಾಗ ಮಾಡಿಯೇ ಕೊಡುತ್ತಾರೆ, 'ಫಾರ್ಮ್ಯಾಟ್ ಮಾಡಿದ್ರೂ ಡಿ ಉಳಿಯುತ್ತೆ' ಅಂತ. ನಾವೂ ಎಲ್ಲವನ್ನೂ ಅಲ್ಲೇ ತುಂಬುತ್ತೇವೆ. ಆದರೆ ಹೊಸದಾಗಿ ಫಾರ್ಮ್ಯಾಟ್ ಆದ ಡಿ ಡ್ರೈವ್‌ಗೆ ವಿಂಡೋಸ್ ತಾನಾಗಿಯೇ ಕೊಡುವ ಅನುಮತಿ ಹೇಗಿರುತ್ತದೆ ನೋಡಿ. ಡಿ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯುರಿಟಿ. ಅಲ್ಲಿ 'ಅಥೆಂಟಿಕೇಟೆಡ್ ಯೂಸರ್ಸ್' ಅಂತ ಒಂದು ಸಾಲು, ಅದಕ್ಕೆ 'ಮಾಡಿಫೈ' ಅಲೋ ಆಗಿರುತ್ತದೆ. ಅಂದರೆ ಲಾಗಿನ್ ಆದವರು ಯಾರೇ ಆಗಲಿ ಓದಬಹುದು, ತಿದ್ದಬಹುದು, ಅಳಿಸಬಹುದು. ಮುಂದಿನ ಬಾಗಿಲಿಗೆ ಬೀಗ ಜಡಿದಿದ್ದೀರಿ, ಕೊಟ್ಟಿಗೆ ಬಾಗಿಲು ತೆಗೆದೇ ಇದೆ.

ತೆಂಗಿನಗರಿ

ಸಿಕ್ಕಿತು! ಅವನ ರೀಸೈಕಲ್ ಬಿನ್‌ನಲ್ಲೇ ಇತ್ತು. ಕೇಬಲ್ ಅವರೇ, ನಿಮಗೊಂದು ಎಳನೀರು ಬಾಕಿ.

ನೀವು ಹೇಳಿದ ಸೆಕ್ಯುರಿಟಿ ಕಿಟಕಿಯೂ ಕಾಣಿಸಿತು. ರಾತ್ರಿ ಕೂತು ಸರಿ ಮಾಡುತ್ತೇನೆ.

ತೆಂಗಿನಗರಿ

ಸರಿ ಮಾಡಲು ಹೋಗಿ ಕೆಡಿಸಿಕೊಂಡೆ. 'ಯೂಸರ್ಸ್' ಅಂತ ಒಂದು ಸಾಲಿತ್ತು. ಹುಡುಗ ಯೂಸರ್, ನಾನು ಅಡ್ಮಿನ್, ಹಾಗಾಗಿ ಯೂಸರ್ಸ್‌ಗೆ ಡಿನೈ ಅಂತ ಎಲ್ಲಾ ಟಿಕ್ ಹಾಕಿ ಓಕೆ ಕೊಟ್ಟೆ. ಈಗ ನಾನೇ ಫೋಲ್ಡರ್ ತೆರೆಯೋಕೆ ಆಗ್ತಿಲ್ಲ. ಪುಣ್ಯಕ್ಕೆ ಇಡೀ ಡಿ ಡ್ರೈವ್‌ಗೆ ಮಾಡಲಿಲ್ಲ, 'ಲೆಕ್ಕ' ಅಂತ ಒಂದು ಫೋಲ್ಡರ್‌ಗೆ ಮಾತ್ರ. ಜಿಎಸ್‌ಟಿ ಬಿಲ್ಲುಗಳೆಲ್ಲ ಅದರೊಳಗಿವೆ. ಬೆಳಗಾದರೆ ಆಡಿಟರ್‌ಗೆ ಕಳಿಸಬೇಕು. ಯಾರಾದರೂ ಎದ್ದಿದ್ದೀರಾ?

ಟೋನರ್ ಖಾಲಿ

ಅಯ್ಯೋ, ಇದನ್ನು ನಾನೂ ಮಾಡಿದ್ದೆ. ಅವತ್ತು ರಾತ್ರಿ ನಿದ್ದೆ ಇಲ್ಲ.

ಕುಂದಾಪ್ರ ಕೇಬಲ್

ಎದ್ದಿದ್ದೇನೆ. ಹೆದರಬೇಡಿ, ಫೈಲುಗಳು ಎಲ್ಲಿಗೂ ಹೋಗಿಲ್ಲ.

ಆ ಫೋಲ್ಡರ್ ಮಾಡಿದ್ದು ನೀವೇ ತಾನೇ? ಹಾಗಾದರೆ ಅದರ ಓನರ್ ನೀವು. ಓನರ್ ಆದವರಿಗೆ ಒಂದು ಅನುಕೂಲ ಇದೆ. ಎಷ್ಟೇ ಡಿನೈ ಇದ್ದರೂ ಅನುಮತಿಯ ಪಟ್ಟಿ ಬದಲಾಯಿಸುವ ಹಕ್ಕು ಅವರ ಕೈಯಲ್ಲೇ ಇರುತ್ತದೆ. ಫೋಲ್ಡರ್ ತೆರೆಯಲು ಹೋಗಬೇಡಿ. ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್‌ಗೆ ಹೋಗಿ ಆ ಡಿನೈ ಸಾಲನ್ನು ಆರಿಸಿ ರಿಮೂವ್ ಕೊಡಿ. ಹಳೇ ಕಂಪ್ಯೂಟರಿನಿಂದ ಬಂದ ಫೋಲ್ಡರ್ ಆಗಿದ್ದು ನೀವು ಓನರ್ ಅಲ್ಲದಿದ್ದರೆ, ಅದೇ ಕಿಟಕಿಯ ಮೇಲ್ಗಡೆ ಓನರ್ ಪಕ್ಕ 'ಚೇಂಜ್' ಅಂತ ಇರುತ್ತದೆ. ಅಡ್ಮಿನ್ ಆಗಿರುವುದರಿಂದ ನಿಮ್ಮ ಹೆಸರಿಗೆ ಮಾಡಿಕೊಳ್ಳಬಹುದು.

ಯಾಕೆ ಹೀಗಾಯಿತು ಅಂದ್ರೆ, 'ಯೂಸರ್ಸ್' ಗುಂಪಿನೊಳಗೆ ಲಾಗಿನ್ ಆದ ಎಲ್ಲರೂ ಸೇರುತ್ತಾರೆ, ಅಡ್ಮಿನ್ ಕೂಡ. ಒಂದೇ ಫೋಲ್ಡರಿನ ಮೇಲೆ ಅಲೋ, ಡಿನೈ ಎರಡೂ ಇದ್ದರೆ ಗೆಲ್ಲೋದು ಡಿನೈ. ಅದಕ್ಕೇ ಹೇಳುವುದು, ಡಿನೈ ಕಾಲಂ ಮುಟ್ಟಲೇಬೇಡಿ. ಯಾರಿಗೆ ಬೇಡವೋ ಅವರ ಸಾಲನ್ನೇ ತೆಗೆದುಬಿಡಿ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಪ್ರವೇಶವೂ ಇಲ್ಲ, ಅಷ್ಟೇ.

ತೆಂಗಿನಗರಿ

ಬಂತು. ಬಿಲ್ಲುಗಳೆಲ್ಲ ಇವೆ. ಎಳನೀರು ಎರಡಾಯ್ತು.

ಕುಂದಾಪ್ರ ಕೇಬಲ್

ಈಗ ಸರಿಯಾಗಿ ಮಾಡೋಣ. ಡಿ ಡ್ರೈವ್‌ನ ಬುಡಕ್ಕೆ ಏನೂ ಮಾಡಬೇಡಿ, ಸಿ ಡ್ರೈವ್ ಕಡೆ ತಲೆಯನ್ನೂ ಹಾಕಬೇಡಿ. ಡಿ ಒಳಗೆ 'ಅಂಗಡಿ' ಅಂತ ಹೊಸ ಫೋಲ್ಡರ್ ಮಾಡಿ. ಅದರೊಳಗೆ ಮೂರು: ಮಾದರಿ, ಕೆಲಸ, ಲೆಕ್ಕ.

'ಅಂಗಡಿ'ಯ ಸೆಕ್ಯುರಿಟಿಯಲ್ಲಿ ಅಡ್ವಾನ್ಸ್ಡ್ ಒತ್ತಿ 'ಡಿಸೇಬಲ್ ಇನ್‌ಹೆರಿಟೆನ್ಸ್' ಕೊಡಿ, ಅಂದರೆ ಡಿ ಡ್ರೈವ್‌ನಿಂದ ತಾನಾಗಿ ಇಳಿದು ಬರುವ ಅನುಮತಿಯನ್ನು ನಿಲ್ಲಿಸಿ. ಎರಡು ಆಯ್ಕೆ ಕೇಳುತ್ತದೆ. 'ಕನ್ವರ್ಟ್' ಅನ್ನುವುದನ್ನು ಆರಿಸಿ. 'ರಿಮೂವ್ ಆಲ್' ಕೊಟ್ಟರೆ ಪಟ್ಟಿ ಪೂರ್ತಿ ಖಾಲಿಯಾಗಿ ಮತ್ತೆ ನಿನ್ನೆ ರಾತ್ರಿಯ ಕಥೆ. ಕನ್ವರ್ಟ್ ಆದ ಮೇಲೆ ಅಥೆಂಟಿಕೇಟೆಡ್ ಯೂಸರ್ಸ್, ಯೂಸರ್ಸ್ ಎರಡು ಸಾಲು ತೆಗೆಯಿರಿ. ಸಿಸ್ಟಮ್, ಅಡ್ಮಿನಿಸ್ಟ್ರೇಟರ್ಸ್ ಎರಡೂ ಇರಲಿ. ನಿಮ್ಮ ಅಕೌಂಟನ್ನು ಹೆಸರು ಹಾಕಿ ಸೇರಿಸಿ ಮಾಡಿಫೈ ಕೊಡಿ. ಮನೆಯವರ ಅಕೌಂಟಿಗೂ ಅದೇ.

ಅಡ್ಮಿನಿಸ್ಟ್ರೇಟರ್ಸ್ ಇರುವಾಗ ನನ್ನ ಹೆಸರು ಬೇರೆ ಯಾಕೆ ಅಂತ ಕೇಳುತ್ತೀರಿ. ನೀವು ಅಡ್ಮಿನ್ ಆಗಿದ್ದರೂ ಮಾಮೂಲಿ ಕೆಲಸ ಮಾಡುವಾಗ ವಿಂಡೋಸ್ ನಿಮ್ಮನ್ನು ಸಾದಾ ಯೂಸರ್ ಥರಾನೇ ನಡೆಸಿಕೊಳ್ಳುತ್ತದೆ. ಒಪ್ಪಿಗೆ ಕೇಳುವ ಕಿಟಕಿಯಲ್ಲಿ 'ಯೆಸ್' ಒತ್ತಿದಾಗ ಮಾತ್ರ ಅಡ್ಮಿನ್ ಬಲ ಬರೋದು. ಹೆಸರಿಲ್ಲದಿದ್ದರೆ 'ನಿಮಗೆ ಅನುಮತಿ ಇಲ್ಲ, ಕಂಟಿನ್ಯೂ?' ಅಂತ ಕೇಳುತ್ತದೆ. ಕಂಟಿನ್ಯೂ ಒತ್ತಿದರೆ ನಿಮ್ಮ ಹೆಸರನ್ನು ಆ ಪಟ್ಟಿಗೆ ಶಾಶ್ವತವಾಗಿ ಸೇರಿಸಿಬಿಡುತ್ತದೆ. ಆ ಒಂದು ಸಲಕ್ಕೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ.

ಇನ್ನು ಹುಡುಗನಿಗೆ: 'ಕೆಲಸ' ಫೋಲ್ಡರ್‌ನಲ್ಲಿ ಮಾಡಿಫೈ. 'ಮಾದರಿ'ಯಲ್ಲಿ ಬರೀ ರೀಡ್ ಆ್ಯಂಡ್ ಎಕ್ಸಿಕ್ಯೂಟ್. 'ಲೆಕ್ಕ'ದಲ್ಲಿ ಹೆಸರೇ ಬೇಡ. ಮೇಲಿನ 'ಅಂಗಡಿ'ಯಲ್ಲಿ ಅವನಿಗೆ ಓದುವಷ್ಟು ಕೊಡುವಾಗ 'ದಿಸ್ ಫೋಲ್ಡರ್ ಓನ್ಲಿ' ಅಂತ ಆರಿಸಿ, ಇಲ್ಲದಿದ್ದರೆ ಅದು ಲೆಕ್ಕಕ್ಕೂ ಇಳಿಯುತ್ತದೆ. ಫುಲ್ ಕಂಟ್ರೋಲ್ ಎಲ್ಲೂ ಕೊಡಬೇಡಿ. ಅದು ಇದ್ದರೆ ಅವನು ಅನುಮತಿಗಳನ್ನೇ ಬದಲಾಯಿಸಬಹುದು.

ಇದರಲ್ಲಿ ನಿಮಗೆ ಮುಖ್ಯವಾದದ್ದು 'ಮಾದರಿ'. ಮುಗಿದ ಕಾರ್ಡುಗಳೆಲ್ಲ ಅಲ್ಲಿಗೆ. ಹುಡುಗ ತೆರೆದು ನೋಡಬಹುದು. ಕಂಟ್ರೋಲ್ ಎಸ್ ಒತ್ತಿದರೆ ಆಗುವುದಿಲ್ಲ ಅನ್ನುತ್ತದೆ. ಬೇರೆ ದಾರಿಯಿಲ್ಲದೆ ಸೇವ್ ಆಸ್ ಕೊಟ್ಟು 'ಕೆಲಸ'ಕ್ಕೆ ಹಾಕುತ್ತಾನೆ.

ಟೋನರ್ ಖಾಲಿ

ಇಷ್ಟೆಲ್ಲಾ ಯಾಕೆ? ಫೈಲಿನ ಪ್ರಾಪರ್ಟೀಸ್‌ನಲ್ಲಿ ರೀಡ್ ಓನ್ಲಿ ಟಿಕ್ ಹಾಕಿದರೆ ಸಾಕು. ನಾನು ಹಾಗೇ ಮಾಡಿಕೊಂಡಿದ್ದೇನೆ.

ಕುಂದಾಪ್ರ ಕೇಬಲ್

ಕೈತಪ್ಪಿ ಒತ್ತುವವರಿಗೆ ಅದು ಸಾಕು, ನಿಜ. ಆದರೆ ಮಾಡಿಫೈ ಇದ್ದವರು ಯಾರು ಬೇಕಾದರೂ ಆ ಟಿಕ್ ತೆಗೆಯಬಹುದು. ಮತ್ತೆ ಫೋಲ್ಡರಿಗೆ ಹಾಕುವ ರೀಡ್ ಓನ್ಲಿ ಟಿಕ್ ಇದೆಯಲ್ಲ, ಅದರಿಂದ ಆ ಫೋಲ್ಡರಿಗೆ ಯಾವ ರಕ್ಷಣೆಯೂ ಸಿಗಲ್ಲ.

ಕೀಲಿಮಣೆ ಅಕ್ಕ

ತಮ್ಮಾ ತೆಂಗಿನಗರಿ, ಅಕೌಂಟ್ ಬೇರೆ ಮಾಡಿದ ಮೇಲೆ ನಿನ್ನ ಅಕೌಂಟಿನಲ್ಲಿ ಮಾಡಿದ ಕಾರ್ಡು ಹುಡುಗನ ಅಕೌಂಟಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರದ ಕಲಬೆರಕೆ ಕಾಣ್ತಿದೆಯಾ? ಇವತ್ತಲ್ಲ ನಾಳೆ ಕೇಳೇ ಕೇಳ್ತೀಯ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಕಾರ್ಡು ವಿನ್ಯಾಸ ಮಾಡುವ ಪೇಜ್‌ಮೇಕರ್‌ನಲ್ಲಿ ನಾವು ಬಳಸುವ 'ನುಡಿ' ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟುಗಳು ಯೂನಿಕೋಡ್ ಅಲ್ಲ, ಅಂದರೆ ಕನ್ನಡ ಅಕ್ಷರಕ್ಕೆ ಅದರದ್ದೇ ಸಂಕೇತ ಇರುವಂಥವಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳೇ, ಫಾಂಟ್ ಅವನ್ನು ಕನ್ನಡವಾಗಿ ತೋರಿಸುತ್ತದೆ. ಫಾಂಟ್ ಇಲ್ಲ ಅಂದ್ರೆ ವೇಷ ಕಳಚುತ್ತದೆ. ವಿಂಡೋಸ್ 10ರಲ್ಲಿ 1809ನೇ ಆವೃತ್ತಿಯಿಂದ ಫಾಂಟನ್ನು ಒಬ್ಬ ಯೂಸರಿಗೆ ಮಾತ್ರ ಹಾಕಿಕೊಳ್ಳಬಹುದು. ಫಾಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ಸುಮ್ನೆ 'ಇನ್‌ಸ್ಟಾಲ್' ಕೊಟ್ಟರೆ ಹಾಕಿದವರ ಅಕೌಂಟಿನಲ್ಲಿ ಮಾತ್ರ ಕೂರುತ್ತದೆ. ಅದರ ಕೆಳಗೆ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಅಂತ ಇದೆ, ಅದನ್ನೇ ಒತ್ತು. ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ, ಕೊಡು. ನಮ್ಮಲ್ಲಿ ಎರಡು ದಿನ ಫೈಲೇ ಕೆಟ್ಟಿದೆ ಅಂದುಕೊಂಡು ಒದ್ದಾಡಿದ್ದೆವು.

ಎರಡನೇದು ಇನ್ನೂ ವಿಚಿತ್ರ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಆಗ ಮನೆ, ಅಂಗಡಿಯ ಕಂಪ್ಯೂಟರುಗಳಲ್ಲಿ ಈ ಸ್ಟ್ಯಾಂಡರ್ಡ್, ಅಡ್ಮಿನ್ ಅಂತ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈಗ ಅದು ಮೊಂಡಾಟ ಮಾಡಿದಾಗ ಎಲ್ಲರೂ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಕೊಟ್ಟು ತೆರೆಯುತ್ತಾರೆ. ತೆರೆಯುತ್ತೆ, ಆದರೆ ನುಡಿ ಕೆಲಸ ಮಾಡಲ್ಲ! ಕನ್ನಡಕ್ಕೆ ಬದಲಾಯಿಸುವ ಸ್ಕ್ರಾಲ್ ಲಾಕ್ ಒತ್ತಿ ಒತ್ತಿ ಬೆರಳು ಸವೆಯುತ್ತೆ, ಬರೋದು ಇಂಗ್ಲಿಷೇ. ಕಾರಣ ಇಷ್ಟೇ. ಮಾಮೂಲಿಯಾಗಿ ತೆರೆದ ಪ್ರೋಗ್ರಾಂ, ಅಡ್ಮಿನ್ ಬಲದಲ್ಲಿ ತೆರೆದ ಪ್ರೋಗ್ರಾಮಿನ ಕೀಲಿಗಳಿಗೆ ಕೈ ಹಾಕದ ಹಾಗೆ ವಿಂಡೋಸ್ ತಡೆಯುತ್ತದೆ. ವಿಸ್ತಾ ಕಾಲದಿಂದಲೂ ಹೀಗೇ. ಹಾಗಾಗಿ ನುಡಿ, ಪೇಜ್‌ಮೇಕರ್ ಎರಡನ್ನೂ ಮಾಮೂಲಿಯಾಗಿ ತೆರೆಯಬೇಕು, ಇಲ್ಲವೇ ಎರಡನ್ನೂ ಅಡ್ಮಿನ್ ಆಗಿ. ಹುಡುಗನ ಅಕೌಂಟಿನಲ್ಲಿ ಮೊದಲನೆಯದೇ ಆಗಬೇಕು. ಇಲ್ಲದಿದ್ದರೆ ದಿನಕ್ಕೆ ಹತ್ತು ಸಲ ಅವನಿಗೆ ಪಾಸ್‌ವರ್ಡ್ ಹೇಳಬೇಕಾಗುತ್ತದೆ.

ತೆಂಗಿನಗರಿ

ಅಕ್ಕ, ನೀವು ನಮ್ಮ ಅಂಗಡಿಯಲ್ಲಿ ಎಲ್ಲಾದರೂ ಕ್ಯಾಮೆರಾ ಇಟ್ಟಿದ್ದೀರಾ? ನಿನ್ನೆ ಇದೇ ಆಗಿದ್ದು. ನಾನು ತೋಟದಲ್ಲಿದ್ದೆ, ಹುಡುಗ ಫೋನ್ ಮಾಡಿದ, ಅಡ್ಮಿನ್ ಪಾಸ್‌ವರ್ಡ್ ಹೇಳಿಬಿಟ್ಟೆ. ಗಿರಾಕಿ ಕಾಯ್ತಿದ್ರು, ಇನ್ನೇನು ಮಾಡಲಿ.

ಹುಬ್ಳಿ ಮಂದಿ

ಅಲ್ಲಿಗೆ ಮುಗಿತು ನೋಡ್ರಿ ಅಕೌಂಟ್ ಪುರಾಣ. ಇವತ್ತೇ ಪಾಸ್‌ವರ್ಡ್ ಬದಲಿಸ್ರಿ.

ಕುಂದಾಪ್ರ ಕೇಬಲ್

ಬದಲಿಸುವಾಗ ಇನ್ನೊಂದು ಕೆಲಸವನ್ನೂ ಮಾಡಿ. ಅಡ್ಮಿನ್ ಅಕೌಂಟ್ ಒಂದನ್ನು ಪ್ರತ್ಯೇಕ ಇಟ್ಟು, ನೀವೂ ದಿನದ ಕೆಲಸಕ್ಕೆ ಸ್ಟ್ಯಾಂಡರ್ಡ್ ಅಕೌಂಟನ್ನೇ ಬಳಸಿ. ಅಂಗಡಿಗೆ ದಿನಕ್ಕೆ ನಲವತ್ತು ಪೆನ್‌ಡ್ರೈವ್ ಬರುತ್ತವೆ. ಅದರಲ್ಲಿ ಬರುವ ವೈರಸ್ಸಿಗೂ ಲಾಗಿನ್ ಆದವರಿಗೆ ಎಷ್ಟು ಅಧಿಕಾರ ಇದೆಯೋ ಅಷ್ಟೇ ಸಿಗೋದು. ನಿಮಗೆ 'ಮಾದರಿ'ಯಲ್ಲಿ ಬರೆಯುವ ಅನುಮತಿ ಇದ್ದರೆ ಅದಕ್ಕೂ ಇರುತ್ತದೆ.

ಅಕ್ಕನ ಮಾತಿಗೆ ಒಂದು ಬಾಲ. ಇಂಥ ಹಳೆಯ 32 ಬಿಟ್ ಪ್ರೋಗ್ರಾಂಗಳು ಪ್ರೋಗ್ರಾಂ ಫೈಲ್ಸ್ ಒಳಗೇ ಏನಾದರೂ ಬರೆಯಲು ಹೋದರೆ ವಿಂಡೋಸ್ ಬೇಡ ಅನ್ನುವುದಿಲ್ಲ. ಮೆಲ್ಲಗೆ ಆ ಯೂಸರಿನ 'ವರ್ಚುವಲ್ ಸ್ಟೋರ್' ಅನ್ನುವ ಫೋಲ್ಡರಿಗೆ ತಿರುಗಿಸಿಬಿಡುತ್ತದೆ. ಪ್ರೋಗ್ರಾಮಿಗೆ ಬರೆದೆ ಅನ್ನುವ ಸಮಾಧಾನ. ಆದರೆ ಬೇರೆ ಅಕೌಂಟಿನಲ್ಲಿ ನೋಡಿದರೆ ಆ ಫೈಲ್ ಇಲ್ಲ. 'ನಾನು ಸೇವ್ ಮಾಡಿದ್ದೆ ಅಣ್ಣ, ದೇವರಾಣೆ' ಅಂತ ಹುಡುಗ ಹೇಳಿದರೆ ಬೈಯುವ ಮೊದಲು ಅಲ್ಲೊಮ್ಮೆ ನೋಡಿ.

ಹಳೇ ಹುಡುಗ

ಇಷ್ಟು ಹೊತ್ತು ಓದುತ್ತಾ ಇದ್ದೆ, ಒಂದು ಮಾತು ಹೇಳಬೇಕು ಅನ್ನಿಸಿತು. ಪಿಯುಸಿ ಓದುವಾಗ ನಾನೂ ಇಂಥದ್ದೇ ಅಂಗಡಿಯಲ್ಲಿ ಸಂಜೆ ಕೂರುತ್ತಿದ್ದೆ. ಒಂದೇ ಅಕೌಂಟ್, ಒಂದೇ ಪಾಸ್‌ವರ್ಡ್, ಅದೂ ಮಾನಿಟರ್ ಕೆಳಗೆ ಚೀಟಿ ಅಂಟಿಸಿತ್ತು. ಒಂದು ದಿನ ಯಾರದ್ದೋ ಪುಸ್ತಕದ ಇಡೀ ಟೈಪಿಂಗ್ ಹೋಯಿತು. ಅಳಿಸಿದ್ದು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಬೈಸಿಕೊಂಡದ್ದು ಮಾತ್ರ ನಾನು, ಎರಡು ವಾರದ ಸಂಬಳವೂ ಹೋಯಿತು. ಬೇರೆ ಅಕೌಂಟ್ ಇದ್ದಿದ್ದರೆ ನನ್ನ ತಪ್ಪೋ ಅಲ್ಲವೋ ಅಂತ ತೋರಿಸಬಹುದಿತ್ತು.

ಹಾಗಾಗಿ ಹುಡುಗನಿಗೆ ಹೇಳುವಾಗ 'ನಿನ್ನ ಮೇಲೆ ನಂಬಿಕೆ ಇಲ್ಲ' ಅನ್ನುವ ಧಾಟಿ ಬೇಡ ಅಣ್ಣ. 'ಇದು ನಿನ್ನ ಅಕೌಂಟ್, ಪಾಸ್‌ವರ್ಡ್ ನನಗೂ ಹೇಳಬೇಡ' ಅನ್ನಿ. ಎಕ್ಸ್‌ಪ್ಲೋರರ್‌ನಲ್ಲಿ ಡೀಟೇಲ್ಸ್ ನೋಟದಲ್ಲಿ 'ಓನರ್' ಅಂತ ಒಂದು ಕಾಲಂ ಸೇರಿಸಿಕೊಳ್ಳಬಹುದು. ಯಾವ ಫೈಲ್ ಯಾರು ಮಾಡಿದ್ದು ಅಂತ ಅಲ್ಲೇ ಕಾಣುತ್ತದೆ.

ತೆಂಗಿನಗರಿ

ನಿಜ ತಮ್ಮ. ಆ ನಾಮಕರಣ ಫೋಲ್ಡರ್ ವಿಷಯಕ್ಕೆ ಜಾಸ್ತಿನೇ ಬೈದಿದ್ದೆ.

ಪೆಂಗ್ವಿನ್ ಪುಟ್ಟ

ವಿಂಡೋಸ್ ಬದಲು ಲಿನಕ್ಸ್ ಹಾಕಿ ಅಂತ ಯಾರೂ ಇನ್ನೂ ಹೇಳಿಲ್ಲವಲ್ಲ, ಆಶ್ಚರ್ಯ! ಊರಿನ ಓದುವ ಕೋಣೆಯೊಂದರಲ್ಲಿ ಮಕ್ಕಳಿಗಾಗಿ ಎರಡು ಹಳೇ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಎರಡರಲ್ಲೂ ಉಬುಂಟು, ಅದೂ ಒಂದು ಬಗೆಯ ಲಿನಕ್ಸೇ. ಅಲ್ಲಿ ಲೆಕ್ಕ ಸರಳ. ಪ್ರತಿ ಫೈಲಿಗೂ ಒಬ್ಬ ಒಡೆಯ, ಒಂದು ಗುಂಪು, ಉಳಿದವರು. ಓದಲು 4, ಬರೆಯಲು 2, ಓಡಿಸಲು 1. ಕೂಡಿಸಿದರೆ ಬರುವ ಮೂರು ಅಂಕಿಯೇ ಅನುಮತಿ. 770 ಅಂದರೆ ಒಡೆಯನಿಗೂ ಗುಂಪಿಗೂ ಎಲ್ಲಾ, ಉಳಿದವರಿಗೆ ಏನೂ ಇಲ್ಲ.

ಜನ ಎಡವೋದು ಒಂದು ಕಡೆ. ಫೈಲನ್ನು ಅಳಿಸುವ ಹಕ್ಕು ಆ ಫೈಲಿನ ಅನುಮತಿಯಲ್ಲಿ ಇರೋದಿಲ್ಲ, ಅದು ಕೂತಿರುವ ಫೋಲ್ಡರಿನ ಅನುಮತಿಯಲ್ಲಿ ಇರುತ್ತದೆ. ಫೈಲಿಗೆ ಓದುವ ಅನುಮತಿ ಮಾತ್ರ ಕೊಟ್ಟು ನೆಮ್ಮದಿಯಾಗಿದ್ದೆ. ಫೋಲ್ಡರ್ ಎಲ್ಲರೂ ಬರೆಯುವಂತಿತ್ತು, ಮಕ್ಕಳು ಒಬ್ಬರದ್ದೊಬ್ಬರು ಚಿತ್ರ ಅಳಿಸಿ ಜಗಳ. ಆಮೇಲೆ ಮುಂದೆ 3 ಸೇರಿಸಿ 3770 ಮಾಡಿದೆ. ಆ 3ರಲ್ಲಿ 2 ಅಂದರೆ ಒಳಗೆ ಹುಟ್ಟುವ ಫೈಲೆಲ್ಲ ಫೋಲ್ಡರಿನ ಗುಂಪಿಗೇ ಸೇರಲಿ ಅಂತ. 1 ಅಂದರೆ ಫೈಲನ್ನು ಅದರ ಒಡೆಯನೋ ಫೋಲ್ಡರಿನ ಒಡೆಯನೋ ಮಾತ್ರ ಅಳಿಸಲಿ ಅಂತ. ಜಗಳ ನಿಂತಿತು. ಈಗ ಮೌಸ್ ಯಾರಿಗೆ ಅಂತ ಜಗಳ.

ಇನ್ನೊಂದು: ಉಬುಂಟುವಿನಲ್ಲಿ 21.04ರ ಮೊದಲು ಹೊಸ ಯೂಸರಿನ ಹೋಮ್ ಫೋಲ್ಡರ್ 755 ಆಗಿ ಬರುತ್ತಿತ್ತು, ಅಂದರೆ ಎಲ್ಲರೂ ಒಳಗೆ ಇಣುಕಬಹುದಿತ್ತು. ಈಗ 750. ಹಳೇದರಿಂದ ಅಪ್‌ಗ್ರೇಡ್ ಮಾಡಿಕೊಂಡು ಬಂದವರು ಒಮ್ಮೆ ನೋಡಿಕೊಳ್ಳಿ.

ಕೀಲಿಮಣೆ ಅಕ್ಕ

ಪುಟ್ಟಾ, ಅದರಲ್ಲಿ ಪೇಜ್‌ಮೇಕರ್ ಓಡುತ್ತಾ?

ಪೆಂಗ್ವಿನ್ ಪುಟ್ಟ

ವಿಂಡೋಸ್ ಪ್ರೋಗ್ರಾಂ ಓಡಿಸುವ ವೈನ್ ಹಾಕಿ, ಆಮೇಲೆ ಫಾಂಟು... ಬಿಡಿ ಅಕ್ಕ.

ತೆಂಗಿನಗರಿ

ಕೇಬಲ್ ಅವರೇ, ನೀವು ಹೇಳಿದ ಹಾಗೇ ಮೂರು ಫೋಲ್ಡರ್ ಮಾಡಿದೆ. ಎರಡು ತೊಂದರೆ.

ಒಂದು, ಡಿ ಡ್ರೈವ್‌ನಲ್ಲಿದ್ದ ಹಳೇ ಕಾರ್ಡುಗಳನ್ನೆಲ್ಲ ಮೌಸ್‌ನಿಂದ ಎಳೆದು 'ಮಾದರಿ'ಗೆ ಹಾಕಿದೆ. ಹುಡುಗನ ಅಕೌಂಟಿನಲ್ಲಿ ಪರೀಕ್ಷೆ ಮಾಡಿದರೆ ಆ ಹಳೇ ಫೈಲುಗಳು ಈಗಲೂ ಸೇವ್ ಆಗ್ತಿವೆ! ಹೊಸದಾಗಿ ಮಾಡಿದ ಫೈಲ್ ಮಾತ್ರ ಬೇಡ ಅನ್ನುತ್ತೆ.

ಎರಡು, ನನ್ನದೇ ಜಾಣತನ. 'ಕೆಲಸ' ಫೋಲ್ಡರ್‌ನಲ್ಲಿ ಹುಡುಗ ಬರೆಯಲಿ ಆದರೆ ಅಳಿಸದಿರಲಿ ಅಂತ ಅಡ್ವಾನ್ಸ್ಡ್‌ನಲ್ಲಿ 'ಡಿಲೀಟ್' ಟಿಕ್ ತೆಗೆದೆ. ಈಗ ಅವನು ವರ್ಡ್‌ನಲ್ಲಿ ಅರ್ಜಿ ಟೈಪ್ ಮಾಡಿ ಸೇವ್ ಕೊಟ್ಟರೆ ಎರರ್. ಫೋಲ್ಡರ್ ತುಂಬಾ ಡಾಟ್ ಟಿಎಂಪಿ ಅಂತ ಕಸ.

ಕುಂದಾಪ್ರ ಕೇಬಲ್

ಮೊದಲನೆಯದು ನನ್ನ ತಪ್ಪು, ಹೇಳಬೇಕಿತ್ತು. ಕಾಪಿ ಮಾಡಿದರೆ ಫೈಲ್ ಹೊಸ ಮನೆಯ ಅನುಮತಿ ಪಡೆಯುತ್ತದೆ. ಒಂದೇ ಡ್ರೈವ್‌ನೊಳಗೆ ಮೂವ್ ಮಾಡಿದರೆ ಹಳೇ ಅನುಮತಿಯನ್ನೇ ಹೊತ್ತುಕೊಂಡು ಬರುತ್ತದೆ. ಡಿ ಒಳಗೇ ಎಳೆದರೆ ಅದು ಮೂವ್. ಈಗ 'ಮಾದರಿ'ಯ ಅಡ್ವಾನ್ಸ್ಡ್ ಕಿಟಕಿಯಲ್ಲಿ ಕೆಳಗಡೆ 'ರಿಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್' ಅಂತ ಶುರುವಾಗುವ ಉದ್ದ ಸಾಲಿಗೆ ಟಿಕ್ ಹಾಕಿ ಅಪ್ಲೈ ಕೊಡಿ. ಒಳಗಿನದ್ದೆಲ್ಲ ಸರಿಹೋಗುತ್ತದೆ. 'ಲೆಕ್ಕ'ಕ್ಕೂ ಹೀಗೇ ಎಳೆದು ಹಾಕಿದ್ದರೆ ಅಲ್ಲೂ ಮಾಡಿ.

ಎರಡನೆಯದಕ್ಕೆ ನಿಮ್ಮಷ್ಟು ಜಾಣತನ ಕಚೇರಿಗಳ ಸಿಸ್ಟಮ್ ನೋಡಿಕೊಳ್ಳುವವರೂ ಮಾಡುತ್ತಾರೆ. ವರ್ಡ್ ನಿಮ್ಮ ಫೈಲಿನ ಮೇಲೆ ನೇರವಾಗಿ ಬರೆಯುವುದಿಲ್ಲ. ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಫೈಲ್ ಮಾಡಿ, ಅದರಲ್ಲಿ ಬರೆದು, ಹಳೆಯದನ್ನು ತೆಗೆದು, ಹೊಸದಕ್ಕೆ ಹಳೇ ಹೆಸರಿಡುತ್ತದೆ. ಅಳಿಸುವ ಹಕ್ಕಿಲ್ಲದಿದ್ದರೆ ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಕಸವೇ ನೀವು ನೋಡಿದ್ದು. ಡಿಲೀಟ್ ಟಿಕ್ ವಾಪಸ್ ಹಾಕಿ. ಕೆಲಸ ಮಾಡುವ ಕಡೆ ಅಳಿಸೋಕೂ ಬಿಡಲೇಬೇಕು. ಅದಕ್ಕೆ ಮದ್ದು ಅನುಮತಿಯಲ್ಲಿಲ್ಲ, ಹುಬ್ಳಿಯವರು ಮೊದಲನೇ ಉತ್ತರದಲ್ಲೇ ಹೇಳಿದ್ದಾರೆ.

ಹುಬ್ಳಿ ಮಂದಿ

ಈಗ ನೆನಪಾತೇನ್ರಿ! ರಾತ್ರಿ ಅಂಗಡಿ ಮುಚ್ಚೋ ಹೊತ್ತಿಗೆ 'ಕೆಲಸ' ಫೋಲ್ಡರ್ ಒಂದು ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡ್ರಿ. ದಿನದ ಹೆಸರಿನ ಬೇರೆ ಬೇರೆ ಫೋಲ್ಡರ್ ಇರಲಿ, ನಿನ್ನೆಯದರ ಮೇಲೆ ಇವತ್ತಿನದು ಬೀಳಬಾರದು. ಆಮೇಲೆ ಡಿಸ್ಕ್ ಕಳಚಿ ಮನೆಗೆ ತಗೊಂಡು ಹೋಗ್ರಿ. ಸಿಕ್ಕಿಸಿಯೇ ಇಟ್ಟರೆ ವೈರಸ್ ಬಂದಾಗ ಅದೂ ಹೋಗ್ತದೆ.

ಟೋನರ್ ಖಾಲಿ

ನನ್ನದೊಂದು ಪ್ರಶ್ನೆ ಇದೇ ವಿಷಯಕ್ಕೆ. ಗಿರಾಕಿಗಳೇ ಕೂತು ವಾಟ್ಸಾಪ್ ವೆಬ್ ತೆರೆಯುತ್ತಾರೆ, ಆಧಾರ್ ಡೌನ್‌ಲೋಡ್ ಮಾಡುತ್ತಾರೆ, ಹಾಗೇ ಎದ್ದು ಹೋಗುತ್ತಾರೆ. ನಮ್ಮ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಅರ್ಧ ತಾಲ್ಲೂಕಿನ ಆಧಾರ್ ಇದೆ. ಪಾಸ್‌ವರ್ಡ್ ಇದೆಯಲ್ಲ ಅಂತ ಸುಮ್ಮನಿದ್ದೇನೆ.

ಕುಂದಾಪ್ರ ಕೇಬಲ್

ಇ-ಆಧಾರ್ ಪಾಸ್‌ವರ್ಡ್ ಅಂದ್ರೆ ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ, ಮುಂದೆ ಹುಟ್ಟಿದ ವರ್ಷ. ಫೈಲಿಗೆ ಗಿರಾಕಿಯ ಹೆಸರಿಟ್ಟು ಸೇವ್ ಮಾಡಿದ್ದರೆ ಅರ್ಧ ಪಾಸ್‌ವರ್ಡ್ ಹೊರಗೇ ಬರೆದಿಟ್ಟ ಹಾಗೆ. ಮೊದಲು ಅವನ್ನೆಲ್ಲ ಅಳಿಸಿ. ಇಡುವ ಅಗತ್ಯವೇ ನಿಮಗಿಲ್ಲ. ಸಾಧ್ಯವಿದ್ದ ಕಡೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ತೆಗೆಸಿ.

ಗಿರಾಕಿಗಳಿಗೆ ಬೇರೆಯೇ ಅಕೌಂಟ್ ಮಾಡಿ. ವಿಂಡೋಸ್ 10 ಬಂದಾಗ ಹಳೆಯ ಗೆಸ್ಟ್ ಅಕೌಂಟಿನ ಬಟನ್ ಹೋಯಿತು. ಆದರೆ 'ಗೆಸ್ಟ್ಸ್' ಅನ್ನುವ ಗುಂಪು ಇನ್ನೂ ಇದೆ. 'ಗಿರಾಕಿ' ಅಂತ ಒಂದು ಲೋಕಲ್ ಅಕೌಂಟ್ ಮಾಡಿ, ಯೂಸರ್ಸ್ ಗುಂಪಿನಿಂದ ತೆಗೆದು ಗೆಸ್ಟ್ಸ್‌ಗೆ ಸೇರಿಸಿ. ಪ್ರೊ ಆವೃತ್ತಿಯಲ್ಲಿ ಮೌಸ್‌ನಲ್ಲೇ ಆಗುತ್ತದೆ, ಹೋಮ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಬೇಕು. ಇದರ ಚಂದ ಏನಂದ್ರೆ ಸೈನ್ ಔಟ್ ಆದ ಕೂಡಲೇ ಆ ಅಕೌಂಟಿನ ಡೌನ್‌ಲೋಡು, ಡೆಸ್ಕ್‌ಟಾಪು, ಬ್ರೌಸರಿನ ಲಾಗಿನ್ ಎಲ್ಲಾ ಅಳಿಸಿಹೋಗುತ್ತದೆ. ಆದರೆ ಸೈನ್ ಔಟ್ ಮಾಡಬೇಕು. 'ಸ್ವಿಚ್ ಯೂಸರ್' ಕೊಟ್ಟರೆ ಒಳಗೆ ಎಲ್ಲಾ ಹಾಗೇ ತೆರೆದಿರುತ್ತದೆ.

ಕೀಲಿಮಣೆ ಅಕ್ಕ

ಫಾರ್ಮ್ಯಾಟ್ ವಿಷಯ ಯಾರೂ ಹೇಳಲಿಲ್ಲ. ಇಷ್ಟೆಲ್ಲಾ ಬೀಗ ಹಾಕಿದ ಮೇಲೆ ಒಂದು ದಿನ ಸಿ ಡ್ರೈವ್ ಫಾರ್ಮ್ಯಾಟ್ ಮಾಡಿಸಿದೆವು. ಡಿ ಒಳಗೆ ಹೋದರೆ ಅನುಮತಿ ಇಲ್ಲ. ಪಟ್ಟಿಯಲ್ಲಿ ನಮ್ಮ ಹೆಸರಿನ ಜಾಗದಲ್ಲಿ ಎಸ್-1-5-21 ಅಂತ ಶುರುವಾಗುವ ಉದ್ದ ಸಂಖ್ಯೆ. ರಿಪೇರಿಯವನು 'ಡಿಸ್ಕ್ ಹೋಗಿದೆ ಮೇಡಂ' ಅಂದುಬಿಟ್ಟ.

ಕುಂದಾಪ್ರ ಕೇಬಲ್

ಅವನ ತಲೆ! ವಿಂಡೋಸ್ ನೆನಪಿಡೋದು ಹೆಸರನ್ನಲ್ಲ, ಆ ಸಂಖ್ಯೆಯನ್ನು. ಹೊಸ ವಿಂಡೋಸ್‌ನಲ್ಲಿ ಅದೇ ಹೆಸರಿನ ಅಕೌಂಟ್ ಮಾಡಿದರೂ ಸಂಖ್ಯೆ ಬೇರೆ, ಹಾಗಾಗಿ ನೀವು ಅಪರಿಚಿತರು. ಆದರೆ ಅಡ್ಮಿನಿಸ್ಟ್ರೇಟರ್ಸ್ ಗುಂಪಿನ ಸಂಖ್ಯೆ ಎಲ್ಲಾ ವಿಂಡೋಸ್‌ನಲ್ಲೂ ಒಂದೇ, ಎಸ್-1-5-32-544. ಆ ಸಾಲನ್ನು ತೆಗೆಯಬೇಡಿ ಅಂತ ಮೇಲೆ ಹೇಳಿದ್ದು ಇದಕ್ಕೇ. ಹೊಸ ಅಡ್ಮಿನ್ ಆಗಿ ಒಳಗೆ ಹೋಗಿ ಹೊಸ ಹೆಸರು ಸೇರಿಸಿಕೊಂಡರೆ ಆಯಿತು.

ಇದರ ಇನ್ನೊಂದು ಮಗ್ಗುಲೂ ಗೊತ್ತಿರಲಿ. ಡಿಸ್ಕ್ ಕಳಚಿ ಬೇರೆ ಕಂಪ್ಯೂಟರಿಗೆ ಹಾಕಿ ಅಲ್ಲಿ ಅಡ್ಮಿನ್ ಆದವರೂ ಒಳಗೆ ಹೋಗಬಹುದು. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೂ ಅಷ್ಟೇ, ಈ ಅನುಮತಿಗಳು ಲೆಕ್ಕಕ್ಕಿಲ್ಲ. ಅದನ್ನು ತಡೆಯಲು ಬಿಟ್‌ಲಾಕರ್‌ನಂಥ ಎನ್‌ಕ್ರಿಪ್ಷನ್ ಬೇಕು, ಅಂದರೆ ಕೀಲಿ ಇಲ್ಲದೆ ಯಾರೂ ಓದಲಾಗದ ಹಾಗೆ ಡಿಸ್ಕನ್ನೇ ಗೂಢಲಿಪಿ ಮಾಡಿಡುವುದು. ಪೆನ್‌ಡ್ರೈವ್ ಸಾಮಾನ್ಯವಾಗಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಅನ್ನುವ ಬಗೆಯಲ್ಲಿ ಫಾರ್ಮ್ಯಾಟ್ ಆಗಿರುತ್ತದೆ, ಅದರಲ್ಲಿ ಸೆಕ್ಯುರಿಟಿ ಟ್ಯಾಬೇ ಇರಲ್ಲ.

ತೆಂಗಿನಗರಿ

ಮೂರು ವಾರ ಆಯ್ತು, ವರದಿ ಕೊಡೋಣ ಅಂತ ಬಂದೆ. ಕಾರ್ಡು ಒಂದರ ಮೇಲೊಂದು ಬಿದ್ದಿಲ್ಲ. ಎರಡು ಸಲ ಹುಡುಗ 'ಸೇವ್ ಆಗ್ತಿಲ್ಲ ಅಣ್ಣ' ಅಂತ ಕೂಗಿದ. ನೋಡಿದರೆ ಎರಡು ಸಲವೂ 'ಮಾದರಿ'ಯಲ್ಲೇ ಒತ್ತಿದ್ದ. ಅಂದರೆ ಹಿಂದಿನ ಹಾಗಿದ್ದಿದ್ದರೆ ಇನ್ನೆರಡು ಮನೆಗೆ ಗಂಡು ಬದಲಾಗಿರುತ್ತಿತ್ತು. ಮೂರನೇ ಸಲ ಒತ್ತಿದ್ದು ನಾನು. ನಾನೂ ಸ್ಟ್ಯಾಂಡರ್ಡ್ ಆಗಿದ್ದೇನಲ್ಲ, ನನ್ನ ಹೆಸರಿಗೂ 'ಮಾದರಿ'ಯಲ್ಲಿ ಓದುವುದಷ್ಟೇ ಇಟ್ಟುಕೊಂಡಿದ್ದೇನೆ. ಹುಡುಗ ನಕ್ಕುಬಿಟ್ಟ.

ಆದರೆ ಹುಡುಗ ಅವನ ಅಕೌಂಟಿಗೆ ಒಂದು ಗೇಮ್ ಹಾಕಿಕೊಂಡಿದ್ದಾನೆ. ಅಡ್ಮಿನ್ ಪಾಸ್‌ವರ್ಡ್ ಕೇಳಲೇ ಇಲ್ಲವಂತೆ, ಇದು ಹೇಗೆ? ಮತ್ತೆ ನಾನು ಕೊಟ್ಟ ಪ್ರಿಂಟ್ ಸಿಕ್ಕಿಕೊಂಡರೆ ಅವನ ಅಕೌಂಟಿನಿಂದ ಕ್ಯಾನ್ಸಲ್ ಆಗಲ್ಲ. ನಿನ್ನೆ ನಾನು ಊಟಕ್ಕೆ ಹೋಗಿದ್ದೆ, ಗಿರಾಕಿಗಳ ಸಾಲು ಬಾಗಿಲಾಚೆ ನಿಂತಿತ್ತು.

ಕುಂದಾಪ್ರ ಕೇಬಲ್

ಕೆಲವು ಪ್ರೋಗ್ರಾಂಗಳು ಪ್ರೋಗ್ರಾಂ ಫೈಲ್ಸ್‌ಗೆ ಹೋಗದೆ ಯೂಸರಿನ ಸ್ವಂತ ಫೋಲ್ಡರಿನಲ್ಲೇ ಕೂರುತ್ತವೆ. ಕ್ರೋಮ್ ಕೂಡ ಹಾಗೆ ಕೂರಬಲ್ಲದು. ಅವನ ಮನೆಯೊಳಗೆ ಅವನು ಏನು ಇಟ್ಟುಕೊಂಡರೂ ವಿಂಡೋಸ್ ಕೇಳಲ್ಲ. ಆ ವಿಷಯ ನೀವಿಬ್ಬರೂ ಕೂತು ಮಾತಾಡಿಕೊಳ್ಳಿ.

ಪ್ರಿಂಟರಿಗೂ ಅನುಮತಿ ಪಟ್ಟಿ ಇದೆ. ಯಾರು ಕೊಟ್ಟ ಪ್ರಿಂಟನ್ನು ಅವರು ಮತ್ತು ಅಡ್ಮಿನ್ ಮಾತ್ರ ತೆಗೆಯಬಹುದು. ಅಡ್ಮಿನ್ ಅಕೌಂಟಿಗೆ ಹೋಗಿ ಪ್ರಿಂಟರ್ ಪ್ರಾಪರ್ಟೀಸ್ ತೆರೆಯಿರಿ. ಸೆಕ್ಯುರಿಟಿಯಲ್ಲಿ ಹುಡುಗನ ಹೆಸರು ಸೇರಿಸಿ 'ಮ್ಯಾನೇಜ್ ಡಾಕ್ಯುಮೆಂಟ್ಸ್' ಅಲೋ ಮಾಡಿ. 'ಮ್ಯಾನೇಜ್ ದಿಸ್ ಪ್ರಿಂಟರ್' ಬೇಡ.

ತೆಂಗಿನಗರಿ

ಆಯ್ತು, ಮಾಡಿದೆ. ಹುಡುಗನೇ ಈಗ ನನ್ನ ಒಂದು ಪ್ರಿಂಟ್ ಕ್ಯಾನ್ಸಲ್ ಮಾಡಿ ತೋರಿಸಿದ. ಬೇಕಾಗಿದ್ದ ಪ್ರಿಂಟೇ ಅದು, ಇರಲಿ.